ದೊಡ್ಡಜ್ಜನ ಲೆಕ್ಕದ ಪುಸ್ತಕದಲ್ಲಿ 'ಅಮಿನಿ ಓಡ': ಯಾರಿಗಾದರೂ ಗೊತ್ತಿದೆಯಾ?

ಕುಂಬಳೆ_ಮೊಮ್ಮಗಳು:

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಅಟ್ಟ ಗುಡಿಸುವಾಗ ನಮ್ಮ ದೊಡ್ಡಜ್ಜನ ಲೆಕ್ಕದ ಪುಸ್ತಕ ಸಿಕ್ಕಿತು. ಅವರಿಗೆ ಮಂಗಳೂರು ಬಂದರಿನಲ್ಲಿ ಅಕ್ಕಿ ವ್ಯಾಪಾರ ಇತ್ತು. ಅರ್ಧ ಪುಸ್ತಕ ಗೆದ್ದಲಿನ ಪಾಲಾಗಿದೆ. ಉಳಿದ ಪುಟಗಳಲ್ಲಿ 'ಅಮಿನಿ ಓಡ, ಅಕ್ಕಿ 12 ಮುಡಿ, ಕೊಪ್ಪರ ಬಂದದ್ದು', 'ಕಿಲ್ತಾನ್ ಓಡ, ಅಕ್ಕಿ 8 ಮುಡಿ, ಬೆಲ್ಲ 2 ಡಬ್ಬಿ' ಎಂದೆಲ್ಲ ಬರೆದಿದ್ದಾರೆ. ಓಡ ಎಂದರೆ ಹಾಯಿದೋಣಿ, ಮುಡಿ ಎಂದರೆ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಕಟ್ಟು.

ಅಮಿನಿ, ಕಿಲ್ತಾನ್ ಎಂದರೆ ಲಕ್ಷದ್ವೀಪ ಅಲ್ವಾ? ಅಲ್ಲಿಗೆ ಹೋಗಲು ಈಗ ಎಲ್ಲರೂ ಕೊಚ್ಚಿಗೆ ಹೋಗುತ್ತಾರೆ. ಆಗ ಮಂಗಳೂರು ಯಾಕೆ? ಇನ್ನೊಂದು, ಪ್ರತಿ ವರ್ಷ ಜೂನ್‌ನಿಂದ ಆಗಸ್ಟ್ ತನಕ ಒಂದೇ ಒಂದು ಓಡದ ಹೆಸರಿಲ್ಲ. ನನಗೆ ಜಾಸ್ತಿ ತಲೆ ಕೆಡಿಸಿದ್ದು ಬೇರೆಯೇ. ನಮ್ಮ ಬಾವಿಯ ಹಗ್ಗವನ್ನು ಅಜ್ಜಿ 'ದ್ವೀಪದ ಬಳ್ಳಿ, ಇದಕ್ಕೆ ಸಾವಿಲ್ಲ' ಎನ್ನುತ್ತಿದ್ದರು. ಆದರೆ ಪುಸ್ತಕದಲ್ಲಿ ಹಗ್ಗ, ಕತ್ತ (ತೆಂಗಿನ ನಾರು) ಯಾವುದರ ಸುದ್ದಿಯೂ ಇಲ್ಲ.

ಇಲ್ಲಿ ಕುಂಬಳೆ ಕಡೆಯ ಒಂದು ಕಚೇರಿಯಲ್ಲಿ ಕೇಳಿದೆ. 'ಮಂಗಳೂರಿನ ಲೆಕ್ಕ ಕರ್ನಾಟಕದ್ದು' ಎಂದರು. ಮಂಗಳೂರಿನಲ್ಲಿ ಕೇಳಿದರೆ 'ನಿಮ್ಮದು ಕೇರಳ ಅಲ್ವಾ' ಎಂದರು. ಸುಮ್ನೆ ಬಸ್ ಚಾರ್ಜು ಹೋಯಿತು.

ಬದಿಯಡ್ಕ_ಮಾಷ್ಟ್ರು:

ತಂಗಿ, ಆ ಎರಡು ಕಚೇರಿಯವರ ಮಾತಿನಲ್ಲೇ ನಿಮ್ಮ ಉತ್ತರ ಇದೆ. 1956ರ ಅಕ್ಟೋಬರ್ ಕೊನೆಯ ತನಕ ಕುಂಬಳೆ, ಮಂಗಳೂರು, ಅಮಿನಿ ಮೂರೂ ಒಂದೇ ಜಿಲ್ಲೆ. ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ, ಈ ಐದನ್ನು ಸೇರಿಸಿ ಅಮಿನ್‌ದಿವಿ ಎನ್ನುತ್ತಿದ್ದರು. ಕವರತ್ತಿ, ಆಂಡ್ರೋತ್ ಕಡೆಯವು ಮಲಬಾರ್ ಜಿಲ್ಲೆಯವು. ನವೆಂಬರ್ 1ಕ್ಕೆ ಪಾಲಾಯಿತು. ನಾವು ಕೇರಳಕ್ಕೆ, ಮಂಗಳೂರು ಮೈಸೂರಿಗೆ, ದ್ವೀಪಗಳು ದೆಹಲಿಗೆ. ದ್ವೀಪಗಳ ಆಡಳಿತ ಕಚೇರಿ 1964ರ ತನಕ ಕೋಝಿಕ್ಕೋಡಿನಲ್ಲೇ ಇತ್ತು, ಆಮೇಲೆ ಕವರತ್ತಿಗೆ ಹೋಯಿತು. ಜನರನ್ನು ಒಯ್ಯುವ ಹಡಗುಗಳಿಗೆ ಕೊಚ್ಚಿಯೇ ಮುಖ್ಯ ನೆಲೆಯಾಯಿತು.

ಮಂಗಳೂರಿನ ನಂಟು ಅದಕ್ಕಿಂತ ಹಳೆಯದು. ಆಗ ದ್ವೀಪಗಳನ್ನು ಆಳುತ್ತಿದ್ದ ಕಣ್ಣೂರಿನ ಅರಕ್ಕಲ್ ಬೀಬಿಯ ಆಡಳಿತದಿಂದ ಬೇಸತ್ತು ಅಮಿನಿಯ ಕೆಲವರು 1783ರಲ್ಲಿ ಮಂಗಳೂರಿಗೆ ಬಂದು ಟಿಪ್ಪುವನ್ನು ಕಂಡರು, ನಮ್ಮನ್ನು ನೀವೇ ನೋಡಿಕೊಳ್ಳಿ ಎಂದರು. ಹಾಗೆ ಅಮಿನಿ ಗುಂಪು ಟಿಪ್ಪುವಿನ ಕೈಗೆ ಬಂತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರಿಗೆ. ಎಷ್ಟೋ ಕಾಲದ ಮೇಲೆ ದ್ವೀಪದ ಒಂದು ಹಡಗಿಗೆ ಟಿಪ್ಪು ಸುಲ್ತಾನ್ ಎಂದೇ ಹೆಸರಿಟ್ಟರು.

ಇನ್ನು ಬಳ್ಳಿಯ ಕತೆ. ಆಗ ಕತ್ತದ ವ್ಯಾಪಾರ ಪೂರ್ತಿ ಸರಕಾರದ್ದು. ದ್ವೀಪದ ಹೆಂಗಸರು ತೆಂಗಿನ ಸಿಪ್ಪೆ ಕೊಳೆಸಿ, ಜಜ್ಜಿ, ಹೊಸೆದ ಹುರಿಯನ್ನು ಸರಕಾರಕ್ಕೇ ಕೊಡಬೇಕಿತ್ತು. ಬದಲಿಗೆ ಸರಕಾರವೇ ಗೊತ್ತು ಮಾಡಿದ ದರಕ್ಕೆ ಅಕ್ಕಿ. ಕೊಪ್ಪರ, ಬೆಲ್ಲವನ್ನು ಮಾತ್ರ ನಿಮ್ಮ ದೊಡ್ಡಜ್ಜನಂಥ ಸಾಹುಕಾರರಿಗೆ ಮಾರಬಹುದಿತ್ತು. ಪುಸ್ತಕದಲ್ಲಿ ಹಗ್ಗ ಇಲ್ಲದ್ದು ಅದಕ್ಕೇ. ಬಾವಿಗೆ ಹೇಗೆ ಬಂತು ಎಂದು ನನ್ನ ಹತ್ತಿರ ಕೇಳಬೇಡಿ. ಸಾಹುಕಾರರು ಎಲ್ಲವನ್ನೂ ಪುಸ್ತಕದಲ್ಲಿ ಬರೆಯುತ್ತಾರಾ?

ಉಪ್ಪಳದ_ಖಲಾಸಿ:

ಮಾಷ್ಟ್ರು ಹೇಳಿದ್ದು ಸರಿ. ಆದರೆ ಓಡದ ವಿಷಯ ಬಿಟ್ಟರಲ್ಲ ಮಾರಾಯ್ರೆ! ನನ್ನ ಅಜ್ಜ ಬಂದರಿನಲ್ಲಿ ಮುಡಿ ಹೊತ್ತವರು. ಅವರು ಹೇಳುತ್ತಿದ್ದರು, ದ್ವೀಪದ ಓಡದಲ್ಲಿ ಮೊಳೆ ಹುಡುಕಿದರೆ ಸಿಗುವುದಿಲ್ಲ. ಹಲಗೆಗೆ ತೂತು ಕೊರೆದು ಕತ್ತದ ಹುರಿಯಲ್ಲೇ ಹೊಲಿಯುವುದು. ಮೊಳೆಯಾದರೆ ಉಪ್ಪುನೀರಿಗೆ ತುಕ್ಕು ಹಿಡಿಯುತ್ತದೆ. ಹೊಲಿದದ್ದು ದಡಕ್ಕೆ ಎಳೆಯುವಾಗ, ತೆರೆ ಹೊಡೆಯುವಾಗ ಸ್ವಲ್ಪ ಬಳುಕುತ್ತದೆ, ಒಡೆಯುವುದಿಲ್ಲ. ಮೇಲಿಂದ ಮೀನೆಣ್ಣೆ ಬಳಿಯುತ್ತಿದ್ದರು. ಓಡ ಬಂದದ್ದು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತಿತ್ತಂತೆ. ಲಕ್ಷದ್ವೀಪದ ಮಿನಿಕಾಯ್‌ನ ಅಲಿ ಮಾಣಿಕ್‌ಫಾನ್ ಈ ಹೊಲಿಗೆಯ ಲೆಕ್ಕದಲ್ಲೇ ಒಮಾನಿನಲ್ಲಿ 'ಸೋಹಾರ್' ಎಂಬ ದೊಡ್ಡ ಹಾಯಿಹಡಗು ಕಟ್ಟಿಸಿದರು. ಅದು 1980-81ರಲ್ಲಿ ಚೀನಾದ ತನಕ ಹೋಯಿತು. ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ದಾರಿ ಹುಡುಕಲು 'ಕಮಾಲ್' ಎಂಬ ಪುಟ್ಟ ಹಲಗೆ. ಅದಕ್ಕೆ ಗಂಟು ಹಾಕಿದ ನೂಲು. ಗಂಟನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯ ಕೆಳಗಿನ ಅಂಚನ್ನು ಕಡಲಿನ ಗೆರೆಗೆ ಹಿಡಿದು, ಮೇಲಿನ ಅಂಚಿಗೆ ಧ್ರುವ ನಕ್ಷತ್ರ ತಾಗುತ್ತದಾ ನೋಡುವುದು. ಮಂಗಳೂರು 13 ಡಿಗ್ರಿಯ ಹತ್ತಿರ, ಅಮಿನಿ 11ರ ಹತ್ತಿರ. ತೆಂಕಕ್ಕೆ ಇಳಿದಷ್ಟೂ ನಕ್ಷತ್ರವೂ ಇಳಿಯುತ್ತದೆ. ಅಮಿನಿಯ ಗಂಟಿಗೆ ಸರಿಯಾಗಿ ಕೂತಿತೋ, ಅಲ್ಲಿಂದ ನೇರ ಪಡುವಣಕ್ಕೆ. ದ್ವೀಪ ಎಷ್ಟು ತಗ್ಗು ಎಂದರೆ ಮೊದಲು ಕಾಣುವುದು ತೆಂಗಿನ ತಲೆ ಮಾತ್ರ.

ಜೂನ್‌ನಲ್ಲಿ ಯಾರೂ ಹೊರಡುವುದಿಲ್ಲ ಅಕ್ಕ. ಆ ಕಡಲಿಗೆ ಹಾಯಿ ಬಿಚ್ಚಿದರೆ ಮುಗಿಯಿತು! ಓಡವನ್ನು ದಡಕ್ಕೆ ಎಳೆದು, ತೆಂಗಿನ ಮಡಲು ಹೊದೆಸಿ, ಮಳೆ ಕಳೆಯುವ ತನಕ ಕಾಯುವುದು. ಮೊದಲೇ ತಂದಿಟ್ಟ ಅಕ್ಕಿಯಲ್ಲಿ ಮಳೆಗಾಲ ದಾಟಬೇಕು. ಮೇ ತಿಂಗಳ ಪುಟ ನೋಡಿ, ಅಕ್ಕಿ ಜಾಸ್ತಿ ಹೋಗಿರಬೇಕು.

ನಾನು ಹಳೆ ಬಂದರಿನಲ್ಲೇ ಲೋಡಿಂಗ್ ಕೆಲಸಕ್ಕೆ ಹೋಗುತ್ತೇನೆ. ಈಗ ಮಂಜಿಗೆ (ಸರಕಿನ ದೋಣಿಗೆ) ಎಂಜಿನ್ ಇದೆ, ಸಿಮೆಂಟು, ಜಲ್ಲಿ, ತರಕಾರಿ ಹೋಗುತ್ತದೆ. ಮಳೆಗಾಲದಲ್ಲಿ ಅದಕ್ಕೂ ರಜೆಯೇ. 2024ರ ಮೇ ತಿಂಗಳಲ್ಲಿ 'ಪರಳಿ' ಎಂಬ ವೇಗದ ಹಡಗು ದ್ವೀಪದ ಜನರನ್ನು ತುಂಬಿಕೊಂಡು ಇಲ್ಲಿಗೇ ಬಂದಿತ್ತು. ಅಂದು ಬಂದರಿನ ಮುದುಕರೆಲ್ಲ ನೋಡಲು ಬಂದಿದ್ದರು.

ನಿಮ್ಮ ಪುಸ್ತಕದಲ್ಲಿ ಕೊನೆಯ ಓಡ ಯಾವ ಇಸವಿಯದ್ದು?

ಕುಂಬಳೆ_ಮೊಮ್ಮಗಳು:

ಮಾಷ್ಟ್ರಿಗೂ ನಿಮಗೂ ಥ್ಯಾಂಕ್ಸ್. ಈಗಷ್ಟೇ ಮೇ ತಿಂಗಳ ಪುಟ ತೆಗೆದು ನೋಡಿದೆ. ನೀವು ಹೇಳಿದ ಹಾಗೆಯೇ ಇದೆ. ಒಂದೇ ಓಡಕ್ಕೆ 30 ಮುಡಿ!

ಹಗ್ಗದ ವಿಷಯ ಅಮ್ಮನ ಹತ್ತಿರ ಕೇಳಿದೆ. 'ನಿನಗೆ ಬೇರೆ ಕೆಲಸ ಇಲ್ವಾ' ಎಂದು ಒಳಗೆ ಹೋದರು. ಬಾವಿಗೆ ಪಂಪು ಬಂದ ಮೇಲೆ ಅದರ ಒಂದು ತುಂಡು ಹಟ್ಟಿಯಲ್ಲಿ ದನ ಕಟ್ಟಲು ಇದೆ.

ಕೊನೆಯದ್ದು 1959 ಫೆಬ್ರವರಿ. 'ಚೆತ್ಲಾತ್ ಓಡ, ಅಕ್ಕಿ 6 ಮುಡಿ, ಬಾಕಿ' ಎಂದಿದೆ. ಬಾಕಿ ಎಷ್ಟು, ಯಾರಿಂದ ಯಾರಿಗೆ ಎನ್ನುವಲ್ಲಿಗೆ ಗೆದ್ದಲು ತಿಂದಿದೆ. ಮರುಪುಟದಿಂದ ಬರೀ ಅಡಿಕೆಯ ಲೆಕ್ಕ.