₹6,999ಕ್ಕೆ '12 ಜಿಬಿ ರ‍್ಯಾಮ್' ಟ್ಯಾಬ್: ತಗೋಬಹುದಾ, ಬ್ರ್ಯಾಂಡೇ ಬೇಕಾ?

ಕೆರೆದಂಡೆ ಕೇಳಿದ್ದು:

ಪಿಯುಸಿ ಓದುವ ಮಗಳಿಗೆ ಟ್ಯಾಬ್ ಬೇಕು. ಪಠ್ಯಪುಸ್ತಕದ ಪಿಡಿಎಫ್, ದಿನಕ್ಕೆ ಮೂರ್ನಾಲ್ಕು ಗಂಟೆ ಕೋಚಿಂಗ್ ವಿಡಿಯೊ, ಆಗಾಗ ಜೂಮ್ ಕ್ಲಾಸ್, ಇಷ್ಟೇ ಕೆಲಸ. ಗೇಮ್ ಇಲ್ಲ, ಚಿತ್ರ ಬರೆಯೋದಿಲ್ಲ.

ಆನ್‌ಲೈನ್‌ನಲ್ಲಿ ಹೆಸರೇ ಕೇಳಿರದ ಕಂಪನಿಯದೊಂದು 10.1 ಇಂಚಿನ ಟ್ಯಾಬ್ ₹6,999ಕ್ಕೆ ಇದೆ. 12 ಜಿಬಿ ರ‍್ಯಾಮ್, 128 ಜಿಬಿ ಸ್ಟೋರೇಜ್, 10 ಕೋರ್ ಪ್ರೊಸೆಸರ್, 10,000 ಎಂಎಎಚ್ ಬ್ಯಾಟರಿ, ಫುಲ್ ಎಚ್‌ಡಿ, ಆಂಡ್ರಾಯ್ಡ್ 14 ಅಂತ ಬರೆದಿದ್ದಾರೆ. ಸ್ಯಾಮ್‌ಸಂಗ್, ರೆಡ್ಮಿಯಲ್ಲಿ 12-13 ಸಾವಿರ ಕೊಟ್ಟರೂ 4 ಜಿಬಿ ರ‍್ಯಾಮ್. ಐಪ್ಯಾಡ್ ₹34,900. ಬರೆದಿರೋದನ್ನು ನೋಡಿದರೆ ಏಳು ಸಾವಿರದ್ದೇ ಎಲ್ಲವನ್ನೂ ಸೋಲಿಸ್ತಿದೆ. ಹಾಗಾದರೆ ಕಸರು ಎಲ್ಲಿ? ವಾಪಸ್ ಕೊಡೋಕೆ 10 ದಿನ ಅವಕಾಶ ಇದೆ. ತರಿಸಿದರೆ ಏನೇನು ಪರೀಕ್ಷೆ ಮಾಡಬೇಕು?

---

ಸಿಲಿಕಾನ್_ಸೀನ ಉತ್ತರ:

ಸರ್, ಬಾಕ್ಸ್ ಮೇಲಿನ ಐದು ಸಂಖ್ಯೆಯಲ್ಲಿ ಒಂದೂ ನಿಜ ಅಲ್ಲದೆ ಇರಬಹುದು. ಸೆಟ್ಟಿಂಗ್ಸ್ ಒಳಗಿನ 'ಅಬೌಟ್ ಟ್ಯಾಬ್ಲೆಟ್' ಪುಟವನ್ನಂತೂ ನಂಬಲೇಬೇಡಿ. ಸಿಸ್ಟಂ ಒಳಗಿನ ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಸಾಲು ಬದಲಾಯಿಸಿದರೆ ಅಲ್ಲಿ ಯಾವ ಅಂಕಿ ಬೇಕಾದರೂ ಕಾಣಿಸುತ್ತೆ.

ರ‍್ಯಾಮ್: 12 ಅಂದರೆ ಸಾಮಾನ್ಯವಾಗಿ 4+8. ಅಸಲಿ 4, ಉಳಿದ 8 ಸ್ಟೋರೇಜ್‌ನಿಂದ ಎರವಲು. ಎಷ್ಟೋ ಸಲ ಆ 4 ಕೂಡ 3 ಆಗಿರುತ್ತೆ. ಸ್ಟೋರೇಜ್ ಎಂದೂ ರ‍್ಯಾಮ್ ಆಗಲ್ಲ. ಈ ಬೆಲೆಯಲ್ಲಿ ಸ್ಟೋರೇಜ್‌ಗೆ ಬರೋದು ಇಎಂಎಂಸಿ ಅನ್ನೋ ನಿಧಾನದ ಚಿಪ್, ಅದೂ ಕೆಳದರ್ಜೆಯದು. ಅದಕ್ಕೆ ರ‍್ಯಾಮ್ ಕೆಲಸ ಒಪ್ಪಿಸೋದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಪದೇ ಪದೇ ಬರೆದು ಅಳಿಸೋದರಿಂದ ಚಿಪ್ ಬೇರೆ ಸವೆಯುತ್ತೆ. 'ರ‍್ಯಾಮ್ ಎಕ್ಸ್‌ಪ್ಯಾನ್ಷನ್' ಆಯ್ಕೆ ಕಂಡರೆ ಆಫ್ ಮಾಡಿಡಿ.

ಪ್ರೊಸೆಸರ್: ಈ ಬೆಲೆಗೆ 10 ಕೋರ್ ಚಿಪ್ ಇಲ್ಲವೇ ಇಲ್ಲ. ಮೀಡಿಯಾಟೆಕ್‌ನ 10 ಕೋರ್‌ನ ಹೀಲಿಯೊ ಎಕ್ಸ್20 ಫೋನ್‌ಗಳಲ್ಲಿ ಬಂದದ್ದು 2016ರ ಹೊತ್ತಿಗೆ. ಅದರ ಹೆಸರನ್ನು ಇವತ್ತಿಗೂ ಅಂಟಿಸ್ತಾರೆ. ಒಳಗಿರೋದು ಸಾಮಾನ್ಯವಾಗಿ ಆಲ್‌ವಿನ್ನರ್ ಎ133 (ನಾಲ್ಕು ಕಾರ್ಟೆಕ್ಸ್ ಎ53 ಕೋರ್), ತೀರಾ ಕೆಟ್ಟದ್ದಾದರೆ ಎಂಟಿ6580 (ನಾಲ್ಕು ಎ7 ಕೋರ್, 32 ಬಿಟ್). ಕಂಡುಹಿಡಿಯೋದು ಸುಲಭ. ಸಿಪಿಯು-ಝಡ್ ಅಥವಾ ಐಡಾ64 ಆ್ಯಪ್ ಹಾಕಿ, ಜಿಪಿಯು (ಪರದೆಯ ಚಿತ್ರ ಮೂಡಿಸೋ ಭಾಗ) ಹೆಸರು ನೋಡಿ. ಪ್ರೊಸೆಸರ್ ಹೆಸರು ತಿದ್ದೋರು ಜಿಪಿಯು ಹೆಸರಿನ ತಂಟೆಗೆ ಹೋಗೋದು ಕಡಿಮೆ, ಅದನ್ನು ಡ್ರೈವರೇ ಹೇಳುತ್ತೆ. ಪವರ್‌ವಿಆರ್ ಜಿಇ8300 ಬಂದರೆ ಬಹುಶಃ ಎ133. ಮಾಲಿ-400 ಬಂದರೆ ಎಂಟಿ6580 ಇಲ್ಲಾ ಅಂಥದ್ದೇ ಹಳೇ ಚಿಪ್, ಅವತ್ತೇ ವಾಪಸ್ ಕಳಿಸಿ. ಮಾಲಿ-ಜಿ57 ಬಂದರೆ ಯುನಿಸಾಕ್ ಟಿ606 ಅಥವಾ ಅದಕ್ಕಿಂತ ಮೇಲಿನದು ಇರಬಹುದು, ನಿಮ್ಮ ಅದೃಷ್ಟ. ಟಿ606ರಲ್ಲಿ ಎರಡು ಎ75 ದೊಡ್ಡ ಕೋರ್ ಇದ್ದಾವೆ. ಆ ಎರಡರಿಂದಲೇ ಟ್ಯಾಬ್ ಬಳಸೋಕೆ ಹಿತ ಅನ್ನಿಸುತ್ತೆ.

ಆಂಡ್ರಾಯ್ಡ್: ಅದೇ ಆ್ಯಪ್‌ನಲ್ಲಿ ಎಪಿಐ ಸಂಖ್ಯೆ (ಆ್ಯಪ್‌ಗಳು ಆಂಡ್ರಾಯ್ಡ್ ಆವೃತ್ತಿಯನ್ನು ಗುರುತಿಸೋ ಅಂಕಿ) ನೋಡಿ. 29 ಅಂದರೆ ಆಂಡ್ರಾಯ್ಡ್ 10, 30 ಅಂದರೆ 11, 33 ಅಂದರೆ 13, 34 ಅಂದರೆ 14. ಹೆಸರು ತಿದ್ದಬಹುದು, ಎಪಿಐ ಸಂಖ್ಯೆ ತಿದ್ದಿದರೆ ಆ್ಯಪ್‌ಗಳು ಕುಸಿಯೋಕೆ ಶುರುವಾಗ್ತವೆ, ಅದಕ್ಕೇ ಹೆಚ್ಚಿನವರು ಮುಟ್ಟಲ್ಲ.

ಸ್ಟೋರೇಜ್: ಕಂಪ್ಯೂಟರ್‌ನಿಂದ 100 ಜಿಬಿ ವಿಡಿಯೊ ತುಂಬಿಸಿ. ಸೆಕೆಂಡಿಗೆ 25 ಎಂಬಿ ಹೋದರೆ ಒಂದು ಗಂಟೆ ಏಳೆಂಟು ನಿಮಿಷ ಹಿಡಿಯುತ್ತೆ. ನಡುವೆ ಎಲ್ಲೋ ಸುಮಾರು 25ರಲ್ಲೋ 50ರಲ್ಲೋ ನಿಂತುಬಿಟ್ಟರೆ, ಇಲ್ಲಾ ಮೊದಲು ಹಾಕಿದ ಫೈಲ್ ಆಮೇಲೆ ತೆರೆಯದೆ ಹೋದರೆ, 128 ಸುಳ್ಳು.

ಬ್ಯಾಟರಿ: 10,000 ಎಂಎಎಚ್ ಅಂದರೆ 3.7 ವೋಲ್ಟ್‌ಗೆ 37 ವಾಟ್-ಗಂಟೆ. ಜೊತೆಗೆ ಕೊಡೋ 5 ವೋಲ್ಟ್ 2 ಆಂಪ್ ಚಾರ್ಜರ್ 10 ವಾಟ್. ನಷ್ಟ ಏನೂ ಇಲ್ಲ ಅಂದುಕೊಂಡರೂ ಸೊನ್ನೆಯಿಂದ ತುಂಬೋಕೆ 3 ಗಂಟೆ 40 ನಿಮಿಷ ಬೇಕು, ನಿಜದಲ್ಲಿ ಐದರ ಹತ್ತಿರ. ಎರಡೂವರೆ ಗಂಟೆಗೇ ತುಂಬಿತು ಅಂದರೆ ಒಳಗೆ 5-6 ಸಾವಿರ ಎಂಎಎಚ್ ಇದೆ ಅಷ್ಟೇ.

---

ಪುಟ್ಟಕ್ಕ_ನೆಟ್‌ವರ್ಕ್ ಉತ್ತರ:

ಸೀನ ಅವರು ಹೇಳಿದ್ದು ವೇಗದ ಮಾತು. ನನಗೆ ಅದಕ್ಕಿಂತ ತಲೆಬಿಸಿ ಇನ್ನೊಂದು ಕಡೆ.

ಮೊದಲು ಪ್ಲೇ ಸ್ಟೋರ್ ತೆರೆದು, ಪ್ರೊಫೈಲ್ ಚಿತ್ರ ಒತ್ತಿ, ಸೆಟ್ಟಿಂಗ್ಸ್‌ನ 'ಅಬೌಟ್' ಒಳಗೆ ಹೋಗಿ. 'ಡಿವೈಸ್ ಈಸ್ ಸರ್ಟಿಫೈಡ್' ಅಂತ ಇರಬೇಕು. ಇಲ್ಲದಿದ್ದರೆ ಬೇರೆ ಪರೀಕ್ಷೆಯೇ ಬೇಡ, ವಾಪಸ್.

ಯಾಕೆ ಅಂದರೆ, 2023ರಲ್ಲಿ ಹ್ಯೂಮನ್ ಸೆಕ್ಯುರಿಟಿ ಅನ್ನೋ ಸಂಸ್ಥೆ 'ಬ್ಯಾಡ್‌ಬಾಕ್ಸ್' ಅನ್ನೋ ಜಾಲ ಬಯಲು ಮಾಡಿತು. ಅಗ್ಗದ ಟಿವಿ ಬಾಕ್ಸ್, ಟ್ಯಾಬ್‌ಗಳು ಗ್ರಾಹಕನ ಕೈಗೆ ಬರುವಾಗಲೇ ಒಳಗೆ ಹಿಂಬಾಗಿಲು ಇಟ್ಟುಕೊಂಡು ಬರ್ತಿದ್ದವು. 2025ರ ಮಾರ್ಚ್‌ನಲ್ಲಿ ಅದರ ಎರಡನೇ ಅವತಾರ ಸಿಕ್ಕಿತು, 10 ಲಕ್ಷಕ್ಕೂ ಹೆಚ್ಚು ಸಾಧನ. ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಸಾರ್ವಜನಿಕ ಎಚ್ಚರಿಕೆಯನ್ನೇ ಹೊರಡಿಸಿತು. ಸಿಕ್ಕಿಬಿದ್ದದ್ದು ಗೂಗಲ್ ಸರ್ಟಿಫಿಕೇಟ್ ಇಲ್ಲದ ಆಂಡ್ರಾಯ್ಡ್ ಸಾಧನಗಳು. ಹಿನ್ನೆಲೆಯಲ್ಲಿ ಜಾಹೀರಾತು ಒತ್ತೋದು, ನಿಮ್ಮ ಮನೆಯ ಇಂಟರ್ನೆಟ್ ವಿಳಾಸವನ್ನು ಬೇರೆಯವರಿಗೆ ಬಾಡಿಗೆಗೆ ಬಿಡೋದು, ಇಂಥ ಕೆಲಸ. ಇದು ಸಿಸ್ಟಂ ಭಾಗದಲ್ಲೇ ಕೂತಿರೋದರಿಂದ ಫ್ಯಾಕ್ಟರಿ ರೀಸೆಟ್ ಮಾಡಿದರೂ ಹೋಗಲ್ಲ.

ಸರ್ಟಿಫೈಡ್ ಅಂತ ಬಂದರೆ ಸೆಕ್ಯುರಿಟಿ ಪ್ಯಾಚ್ ದಿನಾಂಕ ನೋಡಿ. ಎರಡು ವರ್ಷ ಹಳೆಯದಾಗಿದ್ದರೆ ಮುಂದೆಯೂ ಅಪ್‌ಡೇಟ್ ಬರುತ್ತೆ ಅನ್ನೋ ಆಸೆ ಬಿಡಿ. ಅಂಥದ್ದರಲ್ಲಿ ಮನೆಯವರ ಮುಖ್ಯ ಗೂಗಲ್ ಖಾತೆ ಹಾಕಬೇಡಿ, ಹೊಸದೊಂದು ಖಾತೆ ಮಾಡಿ. ರೌಟರ್‌ನಲ್ಲಿ ಗೆಸ್ಟ್ ವೈಫೈ ಇದ್ದರೆ ಅದಕ್ಕೇ ಕೊಡಿ.

ವಿಡಿಯೊ ವಿಚಾರ: 'ಡಿಆರ್‌ಎಂ ಇನ್ಫೊ' ಆ್ಯಪ್‌ನಲ್ಲಿ ವೈಡ್‌ವೈನ್ ಮಟ್ಟ (ವಿಡಿಯೊ ನಕಲು ತಡೆಯೋ ಗೂಗಲ್ ಬೀಗದ ದರ್ಜೆ) ಎಲ್1 ಇದೆಯಾ ಎಲ್3 ಇದೆಯಾ ನೋಡಿ. ಎಲ್3 ಆದರೆ ಪರದೆ ಎಷ್ಟೇ ಒಳ್ಳೆಯದಿರಲಿ, ನೆಟ್‌ಫ್ಲಿಕ್ಸ್‌ನಂಥವು 480ಪಿ ಮೇಲೆ ಕೊಡಲ್ಲ. ಯೂಟ್ಯೂಬ್‌ಗೆ ಈ ತೊಂದರೆ ಇಲ್ಲ. ಕೋಚಿಂಗ್ ಆ್ಯಪ್ ಯಾವುದು ಅನ್ನೋದರ ಮೇಲೆ ಹೋಗುತ್ತೆ, ಅದರಲ್ಲೇ ಒಂದು ಪಾಠ ಹಾಕಿ, ಬೋರ್ಡ್ ಮೇಲಿನ ಸಣ್ಣ ಅಕ್ಷರ ಓದೋಕೆ ಬರುತ್ತಾ ಪರೀಕ್ಷಿಸಿ.

ಹಾಗೇ ಬಾಕ್ಸ್, ಚಾರ್ಜರ್ ಎರಡರ ಮೇಲೂ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತಿನ ಕೆಳಗೆ 'ಆರ್' ಅಕ್ಷರದ ಮುಂದೆ ಎಂಟು ಅಂಕಿ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರ ಹೆಸರಲ್ಲಿ ನೋಂದಣಿ ಆಗಿದೆ ಅಂತ ಬರುತ್ತೆ. ಸಿಮ್ ಇರೋ ಟ್ಯಾಬ್ ಆದರೆ *#06# ಒತ್ತಿ ಐಎಂಇಐ (ಸಾಧನದ ಗುರುತಿನ ಸಂಖ್ಯೆ) ತಗೊಂಡು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲೂ ನೋಡಿ.

---

ಬೆಸುಗೆ_ಹುಬ್ಬಳ್ಳಿ ಉತ್ತರ:

ಎಲ್ಲಾರೂ ತಗೊಳ್ಳೂ ಮಾತ ಹೇಳಾಕತ್ತೀರಿ, ಒಡದ ಮ್ಯಾಲೆ ಏನು ಅನ್ನೂದು ಯಾರೂ ಹೇಳವಲ್ರಿ.

ಅಗ್ಗದ ಟ್ಯಾಬ್‌ಗೆ ಒಂದು ಪುಣ್ಯ ಐತ್ರಿ. ಮ್ಯಾಲಿನ ಟಚ್ ಗ್ಲಾಸ್ ಬ್ಯಾರೆ, ಕೆಳಗಿನ ಡಿಸ್‌ಪ್ಲೇ ಬ್ಯಾರೆ. ಗ್ಲಾಸ್ ಅಷ್ಟ ಒಡದಿದ್ರ ಗ್ಲಾಸ್ ಅಷ್ಟ ಹಾಕಬಹುದು. ಎರಡೂ ಅಂಟಿಸಿದ ಕಾಂಬೋ ಆದ್ರ ಗೀರು ಬಿದ್ರೂ ಪೂರಾ ಬದಲಿ ಮಾಡಬೇಕು. (ಸಾದಾ ಐಪ್ಯಾಡ್‌ದಾಗೂ ಗ್ಲಾಸ್ ಬ್ಯಾರೇನ ಇರ್ತದ, ಏರ್ ಮಾಡೆಲ್‌ದಾಗ ಅಂಟಿರ್ತದ.)

ಆದ್ರ ಗ್ಲಾಸ್ ಹುಡುಕೂದು ಮಾಡೆಲ್ ಹೆಸರಿನಿಂದ ಆಗೂದಿಲ್ರಿ. ಒಂದ ಹೆಸರಿನಾಗ ಮೂರು ನಮೂನಿ ಬೋರ್ಡ್ ಬರ್ತಾವು. ಗ್ಲಾಸಿನ ಪಟ್ಟಿ ಮ್ಯಾಲೆ, ಅಂದ್ರ ಎಫ್‌ಪಿಸಿ ಮ್ಯಾಲೆ, ಸಣ್ಣ ಅಕ್ಷರದಾಗ ಒಂದು ನಂಬರ್ ಅಚ್ಚಾಗಿರ್ತದ. ಅದು ಮತ್ತ ಪಿನ್ ಲೆಕ್ಕ, ಎರಡೂ ಕೂಡಬೇಕು. ಪಿನ್ ಕೂಡಿ ನಂಬರ್ ಬ್ಯಾರೆ ಆದ್ರ ಎಡಕ್ಕ ಒತ್ತಿದ್ರ ಬಲಕ್ಕ ಟಚ್ ಆಗ್ತದ, ಯಾಕಂದ್ರ ಟಚ್ ಐಸಿಗೆ ಕೊಡೂ ಫರ್ಮ್‌ವೇರ್ ಆ ಗ್ಲಾಸಿಗೆ ಅಷ್ಟ ಬರದಿರ್ತಾರ. ಬಿಚ್ಚುವಾಗ ಮೊದಲ ಬ್ಯಾಟರಿ ಕನೆಕ್ಟರ್ ತಗೀರಿ, ಆಮ್ಯಾಲೆ ಹೀಟ್ ಕೊಡ್ರಿ.

ಬ್ಯಾಟರಿ ಮ್ಯಾಲಿನ ಸ್ಟಿಕ್ಕರ್ ನೋಡಬ್ಯಾಡ್ರಿ, ಸೆಲ್ ನಂಬರ್ ನೋಡ್ರಿ. 357095 ಅಂತ ಇದ್ರ 3.5 ಮಿಮೀ ದಪ್ಪ, 70 ಮಿಮೀ ಅಗಲ, 95 ಮಿಮೀ ಉದ್ದ. ಅಷ್ಟು ಜಾಗಾದಾಗ ಸುಮಾರು 3,000 ಎಂಎಎಚ್ ಕೂಡ್ತದ. ಎರಡು ಸೆಲ್ ಜೋಡಿಸಿದ್ರ 6,000. ಮ್ಯಾಲೆ 10,000 ಅಂತ ಅಚ್ಚ ಹಾಕಿದ್ರ ಸೆಲ್ ಏನ್ ಉಬ್ಬೂದಿಲ್ಲ... ಉಬ್ಬತೈತಿ, ಆದ್ರ ಬ್ಯಾರೆ ಕಾರಣಕ್ಕ. ಹಗಲೂ ರಾತ್ರಿ ಚಾರ್ಜಿಗೆ ಹಚ್ಚಿ ಇಟ್ರ ಕಳಪೆ ಸೆಲ್ ಉಬ್ಬಿ ಡಿಸ್‌ಪ್ಲೇನ ಮ್ಯಾಲೆ ಎತ್ತತದ. ಅಂಚಿನಾಗ ಬೆಳಕಿನ ಗೆರಿ ಕಂಡ್ರ ಬಳಸೂದು ನಿಲ್ಲಸ್ರಿ.

ಇನ್ನೊಂದು. ಟೈಪ್-ಸಿ ಕಿಂಡಿ ಇರ್ತದ, ಆದ್ರ ಎರಡೂ ಕಡೆ ಸಿ ಇರೂ ಕೇಬಲ್ ಹಾಕಿದ್ರ ಚಾರ್ಜ್ ಆಗೂದಿಲ್ಲ. ಕೆಟ್ಟೈತಿ ಅಂತ ಅಂಗಡಿಗೆ ತರ್ತಾರ. 5.1 ಕಿಲೋ ಓಮ್‌ನ ಎರಡು ರೆಸಿಸ್ಟರ್ ಹಾಕದ ರೊಕ್ಕ ಉಳಿಸ್ಯಾರ, ಅದಕ್ಕ ಚಾರ್ಜರಿಗೆ ಇಲ್ಲೊಂದು ಸಾಧನ ಐತಿ ಅನ್ನೂದ ಗೊತ್ತಾಗೂದಿಲ್ಲ. ಹಳೀ ಚೌಕ ಯುಎಸ್‌ಬಿ ಇಂದ ಸಿ ಕೇಬಲ್ ಹಾಕ್ರಿ, ನಡೀತದ.

---

ಕೆರೆದಂಡೆ:

ತರಿಸಿದೆ. ಜಿಪಿಯು: ಪವರ್‌ವಿಆರ್ ಜಿಇ8300. ಎಪಿಐ 29. ಐಡಾದಲ್ಲಿ ಒಟ್ಟು ರ‍್ಯಾಮ್ 2.9 ಜಿಬಿ. ವೈಡ್‌ವೈನ್ ಎಲ್3. 'ಸರ್ಟಿಫೈಡ್' ಬಂದಿದೆ. ಪರದೆ 1920×1200 ಅಂತ ತೋರಿಸುತ್ತೆ, ಆದರೆ ಅಕ್ಷರದ ಅಂಚು ಮಸುಕು. ಚಾರ್ಜ್ ಎರಡು ಮುಕ್ಕಾಲು ಗಂಟೆ. ವಿಡಿಯೊ ಮಾತ್ರ ಚೆನ್ನಾಗೇ ಓಡ್ತಿದೆ, ಅದಕ್ಕೇ ಗೊಂದಲ.

---

ಸಿಲಿಕಾನ್_ಸೀನ:

ಎ133, 3 ಜಿಬಿ, ಆಂಡ್ರಾಯ್ಡ್ 10. ಪರದೆ 1280×800 ಇರಬೇಕು, ಸಾಫ್ಟ್‌ವೇರ್‌ನಲ್ಲಿ ದೊಡ್ಡ ಅಂಕಿ ತೋರಿಸಿ ಹಿಗ್ಗಿಸ್ತಿದ್ದಾರೆ. ಒಂದು ಪಿಕ್ಸೆಲ್ ಕಪ್ಪು, ಒಂದು ಬಿಳುಪು ಗೆರೆ ಇರೋ ಚಿತ್ರವನ್ನು 1920×1200 ಅಳತೆಗೆ ಮಾಡಿ ಪೂರ್ತಿ ಪರದೆಗೆ ತೆರೆಯಿರಿ. ಗೆರೆ ಬಿಡಿಬಿಡಿಯಾಗಿ ಕಾಣದೆ ಬೂದು ಪಟ್ಟೆ ಅಲೆಅಲೆಯಾಗಿ ಬಂದರೆ ಅದೇ ಸಾಕ್ಷಿ.

ವಿಡಿಯೊ ಚೆನ್ನಾಗಿ ಓಡೋದರಲ್ಲಿ ಆಶ್ಚರ್ಯ ಇಲ್ಲ, ಆ ಕೆಲಸಕ್ಕೆ ಚಿಪ್‌ನಲ್ಲೇ ಪ್ರತ್ಯೇಕ ಡಿಕೋಡರ್ ಇದೆ. ಜೂಮ್‌ನಲ್ಲಿ ಕ್ಯಾಮೆರಾ ಆನ್ ಮಾಡಿ, ಪಕ್ಕದಲ್ಲಿ ಪಿಡಿಎಫ್ ತೆರೆದು, ಅರ್ಧ ಗಂಟೆ ಬಿಡಿ. ಆಗ ಹಣೆಬರಹ ಗೊತ್ತಾಗುತ್ತೆ.

---

ಅಳತೆಪಟ್ಟಿ ಉತ್ತರ:

ಅಗ್ಗದ್ದು ಅಂದರೆ ಕಸ ಅನ್ನೋ ಮಾತು ನಾನು ಒಪ್ಪಲ್ಲ. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆ ಅಂತ ತಂದ ಮೊದಲ ಆಕಾಶ್ ಟ್ಯಾಬ್‌ನಲ್ಲಿ ಇದ್ದದ್ದು 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ‍್ಯಾಮ್, ಉಗುರಲ್ಲಿ ಒತ್ತಬೇಕಾದ ರೆಸಿಸ್ಟಿವ್ ಪರದೆ. ಅದು ಯಾವ ಕೆಲಸಕ್ಕೂ ಸಾಲ್ತಿರಲಿಲ್ಲ. ಎ133 ಹಾಗಲ್ಲ. ಸಿಸಿಟಿವಿ ನೋಡೋಕೆ, ಅಂಗಡಿಯ ಬಿಲ್ಲಿಂಗ್‌ಗೆ, ಅಡುಗೆಮನೆಯಲ್ಲಿ ಹಾಡು ಹಾಕೋಕೆ ಧಾರಾಳ ಸಾಕು. ತಕರಾರು ಇರೋದು ಸುಳ್ಳು ಅಂಕಿಯ ಬಗ್ಗೆ. '3 ಜಿಬಿ, 4 ಕೋರ್' ಅಂತ ನಿಜ ಬರೆದು ನಾಲ್ಕೂವರೆ ಸಾವಿರಕ್ಕೆ ಮಾರಿದರೆ ಯಾರೂ ಬೈಯಲ್ಲ.

ನಿಮ್ಮ ಮಗಳಿಗೆ ಮುಖ್ಯ ಪಿಡಿಎಫ್. ಅದನ್ನು ಇಂಚಲ್ಲ, ಅಗಲದಲ್ಲಿ ಅಳೆಯಿರಿ. ಎ4 ಹಾಳೆಯ ಅಗಲ 210 ಮಿಮೀ. ಟ್ಯಾಬ್ ನಿಲ್ಲಿಸಿ ಹಿಡಿದರೆ 10.1 ಇಂಚಿನ ಪರದೆಯ ಅಗಲ 136 ಮಿಮೀ, ಅಂದರೆ ಪುಟ ಶೇ 65ಕ್ಕೆ ಕುಗ್ಗುತ್ತೆ. 12 ಪಾಯಿಂಟ್ ಅಕ್ಷರ 8 ಪಾಯಿಂಟ್ ಆಗುತ್ತೆ. 8.7 ಇಂಚಿನದರಲ್ಲಿ (ಸ್ಯಾಮ್‌ಸಂಗ್ ಟ್ಯಾಬ್ ಎ9 ಈ ಅಳತೆ) ಶೇ 54, ಓದೋಕೆ ಆಗಲ್ಲ, ಬ್ರ್ಯಾಂಡ್ ನೋಡಿ ಅದನ್ನು ತಗೋಬೇಡಿ. 11 ಇಂಚು 16:10ರಲ್ಲಿ ಶೇ 70. ಸಾದಾ ಐಪ್ಯಾಡ್ ಹೆಚ್ಚು ಅಗಲ ಇರೋದರಿಂದ ಶೇ 75. ಇನ್ನು ಸಾಂದ್ರತೆ: 10.1 ಇಂಚಿನಲ್ಲಿ 1280×800 ಅಂದರೆ ಇಂಚಿಗೆ 149 ಪಿಕ್ಸೆಲ್, 11 ಇಂಚಿನಲ್ಲಿ 1920×1200 ಅಂದರೆ 206. ಕನ್ನಡದ ಒತ್ತಕ್ಷರ, 'ಕ್ಷ್ಮಿ', 'ತ್ಸ್ಯ' ತರಹದ್ದು, 149ರಲ್ಲಿ 8 ಪಾಯಿಂಟ್‌ಗೆ ಮುದ್ದೆಯಾಗುತ್ತೆ. ಇಂಗ್ಲಿಷ್ ಪುಟ ಹೇಗೋ ಓದಬಹುದು.

ಹಾಗಾಗಿ ಏಳು ಸಾವಿರದ್ದನ್ನು ಐಪ್ಯಾಡ್ ಪಕ್ಕ ಇಟ್ಟು ನೋಡೋದೇ ತಪ್ಪು. ಅದರ ನಿಜವಾದ ಎದುರಾಳಿ ದೊಡ್ಡ ಬ್ರ್ಯಾಂಡ್‌ನ ಕೊನೇ ಮೆಟ್ಟಿಲಿನ 11 ಇಂಚು. ಉದಾಹರಣೆಗೆ ರೆಡ್ಮಿ ಪ್ಯಾಡ್ ಎಸ್‌ಇ: 1920×1200, ಸ್ನ್ಯಾಪ್‌ಡ್ರ್ಯಾಗನ್ 680, 8,000 ಎಂಎಎಚ್. 2024ರಲ್ಲಿ ₹12,999ಕ್ಕೆ ಬಂದದ್ದು. ಅದರ 4 ಜಿಬಿ ನಿಜವಾದ 4 ಜಿಬಿ. ಅದೂ ಏನು ಮಿಂಚಲ್ಲ, ಅದರಲ್ಲಿರೋದೂ ಇಎಂಎಂಸಿಯೇ, ಸ್ಟೋರೇಜ್ ತುಂಬುತ್ತಾ ಬಂದ ಹಾಗೆ ತೆವಳುತ್ತೆ.

ಐಪ್ಯಾಡ್ ಬಗ್ಗೆ ಒಂದೇ ಮಾತು. 2019ರ 7ನೇ ಪೀಳಿಗೆಯದಕ್ಕೂ 2024ರ ಐಪ್ಯಾಡ್‌ಓಎಸ್ 18 ಬಂತು. ಏಳು ವರ್ಷ ಬಳಸಿದರೆ ವರ್ಷಕ್ಕೆ ಐದು ಸಾವಿರದ ಹತ್ತಿರ. ₹12,999ರದ್ದು ನಾಲ್ಕು ವರ್ಷ ಬಂದರೆ ವರ್ಷಕ್ಕೆ ₹3,250. ₹6,999ರದ್ದು ಎರಡೇ ವರ್ಷ ಬಂದರೆ ₹3,500. ಪಿಯುಸಿ ಇನ್ನೆಷ್ಟು ವರ್ಷ ಇದೆ ಅಂತ ನೀವೇ ಲೆಕ್ಕ ಹಾಕಿ.

---

ಕೆರೆದಂಡೆ:

ಜೂಮ್ ಜೊತೆ ಪಿಡಿಎಫ್ ತೆರೆದೆ, ಹನ್ನೆರಡನೇ ನಿಮಿಷಕ್ಕೆ ಧ್ವನಿ ಕಡಿದು ಕಡಿದು ಬರೋಕೆ ಶುರು. ಗೆರೆ ಚಿತ್ರವೂ ಬೂದು ಅಲೆ. ವಾಪಸ್ ಕಳಿಸ್ತೀನಿ, 11 ಇಂಚು ನೋಡ್ತೀನಿ. ಎಲ್ಲರಿಗೂ ಧನ್ಯವಾದ.

---

ಪುಟ್ಟಕ್ಕ_ನೆಟ್‌ವರ್ಕ್:

ಕಳಿಸೋ ಮುಂಚೆ ಐಡಾ, ಸಿಪಿಯು-ಝಡ್ ಪುಟಗಳ ಸ್ಕ್ರೀನ್‌ಶಾಟ್ ಬೇರೆ ಕಡೆ ಉಳಿಸಿಕೊಳ್ಳಿ. ವಾಪಸ್ ಕಾರಣದಲ್ಲಿ 'ಇಷ್ಟವಾಗಲಿಲ್ಲ' ಅಂತ ಒತ್ತಬೇಡಿ, 'ವಿವರಣೆಗೆ ಹೊಂದಿಕೆಯಾಗಿಲ್ಲ' ಅಂತ ಹಾಕಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಮೊದಲು ಗೂಗಲ್ ಖಾತೆ ತೆಗೆದುಹಾಕಿ, ಸ್ಕ್ರೀನ್ ಲಾಕ್ ತೆಗೆಯಿರಿ, ಅಲ್ಲಿಂದಲೇ ರೀಸೆಟ್ ಮಾಡಿ. ಬಟನ್ ಒತ್ತಿ ರಿಕವರಿ ಮೋಡ್‌ನಿಂದ ರೀಸೆಟ್ ಮಾಡಿದರೆ ಖಾತೆಯ ಲಾಕ್ ಹಾಗೇ ಉಳಿಯುತ್ತೆ. ಟ್ಯಾಬ್ ಮತ್ತೆ ನಿಮ್ಮ ಪಾಸ್‌ವರ್ಡ್ ಕೇಳುತ್ತೆ, ತಗೊಂಡು ಹೋಗೋಕೆ ಬಂದ ಹುಡುಗ ಬಾಗಿಲಲ್ಲೇ ಬೇಡ ಅಂತಾನೆ.