‘ಸ್ಯಾಂಪಲ್’ಗೆ ಕನ್ನಡದಲ್ಲಿ ಏನನ್ನೋಣ? ಸ್ವಲ್ಪ ಅರ್ಜೆಂಟು

ನಮಸ್ಕಾರ. ನ್ಯೂಯಾರ್ಕಿನ ಬ್ರಾಂಕ್ಸ್ ರ‍್ಯಾಪ್ ಬಗ್ಗೆ ಒಂದು ಕಿರುಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. ರಾತ್ರಿಯೊಳಗೆ ಕಳಿಸಬೇಕು. ‘ಸ್ಯಾಂಪಲ್ ಡ್ರಿಲ್’ ಅನ್ನುವಲ್ಲಿ ಸಿಕ್ಕಿಬಿದ್ದಿದ್ದೇನೆ. ರ‍್ಯಾಪರ್ ಬಿ-ಲವಿಯ 2021ರ ‘ಮೈ ಎವ್ರಿಥಿಂಗ್’ ತಗೊಳ್ಳಿ. ಮೇರಿ ಜೆ. ಬ್ಲೈಜ್ 1997ರಲ್ಲಿ ಹಾಡಿದ ‘ಎವ್ರಿಥಿಂಗ್’ನ ತುಂಡು ಅದರಲ್ಲಿದೆ, ಅದೇ ಸ್ಯಾಂಪಲ್. ಮೇಲೆ ಆ ಮೆತ್ತನೆ ದನಿ, ಕೆಳಗೆ ಜಾರಿ ಜಾರಿ ಇಳಿಯುವ ಬೇಸ್. ಕ್ಯಾಶ್ ಕೊಬೇನ್ ಥರದ ಸಂಗೀತ ನಿರ್ಮಾಪಕರು ಇದನ್ನೇ ಒಂದು ಶೈಲಿ ಮಾಡಿಬಿಟ್ಟಿದ್ದಾರೆ. ‘ಮಾದರಿ ಡ್ರಿಲ್’ ಅಂತ ಬರೆದು ನೋಡಿದೆ. ಶಾಲೆಯ ಕವಾಯತು ನೆನಪಾಯಿತು!

———

ಎರವಲು. ಬೇರೆ ಬೇಡ. ಹಳಗನ್ನಡದ ‘ಎರೆ’ ಅಂದರೆ ಬೇಡು. ಅದರಿಂದ ಎರವು, ಎರವಲು. ‘ಎರವಲುದನಿ’ ಅನ್ನಿ. ಡ್ರಿಲ್ಲಿಗೆ ಬೈರಿಗೆ ಇದೆಯಲ್ಲ.

———

ಬೈರಿಗೆ ಬಡಗಿಗಿರಲಿ. ಡ್ರಿಲ್ ಹಾಡಿನ ಒಂದು ಬಗೆಯ ಹೆಸರು. ಷಿಕಾಗೋದಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಬೇಸ್ ಬದಲಿಸಿಕೊಂಡು ನ್ಯೂಯಾರ್ಕಿಗೆ ಬಂದದ್ದು. ಧಾರವಾಡದಲ್ಲಿ ಯಾರಾದರೂ ‘ಖಯಾಲ್’ ಅನ್ನು ‘ಯೋಚನೆ’ ಅಂತಾರಾ?

ಇನ್ನು ಎರವಲು. ಮದುವೆಗೆ ಪಕ್ಕದ ಮನೆಯಿಂದ ತಂದ ಸರ ಎರವಲು. ಆ ಸರವನ್ನೇ ವಾಪಸ್ ಕೊಡಬೇಕು. ಹಾಡು ಕತ್ತರಿಸಿ, ವೇಗ ಬದಲಿಸಿ, ತಿರುಗಾಮುರುಗಾ ಮಾಡಿದ ಮೇಲೆ ಏನನ್ನ ವಾಪಸ್ ಕೊಡ್ತೀರಿ? ಎಷ್ಟೋ ಸಲ ಕೇಳದೇ ತಂದಿರ್ತಾರೆ. ಬೇಡದೇ ಇರುವಲ್ಲಿ ‘ಎರೆ’ ಎಲ್ಲಿಂದ ಬಂತು?

———

ಬೇಡಲೇಬೇಕು. 1991ರಲ್ಲಿ, ಒಪ್ಪಿಗೆ ಇಲ್ಲದೆ ಹಾಡಿನ ತುಂಡು ಬಳಸಿದ ರ‍್ಯಾಪರ್ ಬಿಜ್ ಮಾರ್ಕಿಯ ಕೇಸಿನಲ್ಲಿ ನ್ಯೂಯಾರ್ಕಿನ ಕೋರ್ಟು ತೀರ್ಪು ಶುರು ಮಾಡಿದ್ದೇ ‘ಕದಿಯಬೇಡ’ ಅಂತ. ಅಲ್ಲಿಗೆ ನಿಮ್ಮ ವಾದ ಮುಗಿಯಿತು. ಅಂದಹಾಗೆ ‘ವಾಪಸ್’ ಯಾವ ಕನ್ನಡ?

———

ಪರ್ಷಿಯನ್. ನಿಮ್ಮ ‘ಕೇಸು’, ‘ಕೋರ್ಟು’ ಹಲ್ಮಿಡಿ ಶಾಸನದ್ದಾ?

———

ಇಬ್ರೂ ಸ್ವಲ್ಪ ನಿಲ್ಲಿಸಿ, ಅವರಿಗೆ ರಾತ್ರಿಗೆ ಬೇಕು. ನಮ್ಮ ಕಡೆ ಅಜ್ಜಿಯ ಹಳೇ ಸೀರೆ ಹರಿದು ಕೌದಿ ಹೊಲೀತಾರೆ. ಆ ತುಂಡಿಗೆ ಯಾರೂ ಮಾದರಿ ಅನ್ನಲ್ಲ, ಎರವಲೂ ಅನ್ನಲ್ಲ. ಆದ್ರೂ ಅಂಚು ನೋಡಿದ ಕೂಡಲೇ ಯಾವ ಸೀರೆ ಅಂತ ಗೊತ್ತಾಗುತ್ತೆ, ಅಲ್ವಾ? ‘ಹಳೇ ಹಾಡಿನ ತುಂಡು ಹೊಲಿದ ಡ್ರಿಲ್’ ಅಂತ ಹಾಕಿ.

———

ಹಾಕಿದೆ. ಒಂದೇ ಸಾಲಿನಲ್ಲಿ ಹಿಡಿಸಿತು. ಮೊದಲ ಸಲ ಹೀಗೆ, ಆಮೇಲೆ ಸುಮ್ನೆ ‘ಸ್ಯಾಂಪಲ್’ ಅಂತಲೇ ಬಿಡ್ತೇನೆ. ಎಲ್ಲರಿಗೂ ಥ್ಯಾಂಕ್ಸ್.

———

ಡ್ರಿಲ್ ಹಾಗೇ ಉಳಿಯಿತಲ್ಲ! ಬೈರಿಗೆ ಬಗ್ಗೆ ನಾಳೆ ಬೇರೆ ಓಲೆ ಬರೆಯುತ್ತೇನೆ.