ಹಿಪ್ನಾಸಿಸ್‌ಗೆ ಕನ್ನಡದಲ್ಲಿ ಎಂತ ಬರೆಯುದು? ಫ್ಲೆಕ್ಸ್ ಇವತ್ತೇ ಪ್ರಿಂಟಿಗೆ

> ಉಡುಪಿಯಲ್ಲಿ ಹಿಪ್ನಾಸಿಸ್ ಮತ್ತು ನೆನಪಿನ ಬಗ್ಗೆ ಡಾಕ್ಟ್ರ ಉಪನ್ಯಾಸ ಉಂಟು. 'ವಶೀಕರಣದಿಂದ ಮರೆತ ನೆನಪು ವಾಪಸ್' ಅಂತ ಹಾಕಿದ್ರೆ ಆಗ್ತದಾ? ಸಂಜೆಯೊಳಗೆ ಹೇಳಿ.

ಆಗುದಿಲ್ಲ ಮೇಡಂ. ವಶೀಕರಣ ಅಂದ ಕೂಡ್ಲೇ ಜನರಿಗೆ ಲೈಟುಕಂಬಕ್ಕೆ ಅಂಟಿಸಿದ ಜ್ಯೋತಿಷಿಗಳ ಚೀಟಿ ನೆನಪಾಗ್ತದೆ. ಸಮ್ಮೋಹನ ಅಂತ ಹಾಕಿ.

ಇದೇ ಪ್ರಶ್ನೆಗೆ ಇಲ್ಲಿನ ಮಾಷ್ಟ್ರು ಒಬ್ರು 'ನಿದ್ದೆಗೊಳಿಕೆ' ಅಂತ ಹೊಸ ಶಬ್ದ ಕಟ್ಟಿದ್ದಾರೆ. ಬೇಡ. ಗ್ರೀಕಿನ ಹಿಪ್ನೋಸ್ ಅಂದ್ರೆ ನಿದ್ದೆ, ಸರಿ, ಆದ್ರೆ ಆ ಹೆಸರನ್ನು ಬಳಕೆಗೆ ತಂದ ಸ್ಕಾಟ್ಲೆಂಡಿನ ಡಾಕ್ಟ್ರು ಜೇಮ್ಸ್ ಬ್ರೇಡ್ ಅವರೇ 1843ರಲ್ಲಿ ಪುಸ್ತಕ ಬರೆದ ಮೇಲೆ, ಇದು ನಿದ್ದೆ ಅಲ್ಲ, ಮನಸ್ಸು ಒಂದೇ ವಿಚಾರದಲ್ಲಿ ನೆಟ್ಟು ನಿಲ್ಲುದು ಅಂತ ಹೇಳಿ ಬೇರೆ ಹೆಸರು ಕೊಡ್ಲಿಕ್ಕೆ ನೋಡಿದ್ರು. ಅವರೇ ಬಿಟ್ಟ ಅರ್ಥವನ್ನು ನಾವು ಯಾಕೆ ಹಿಡ್ಕೊಳ್ಳುದು?

ಸಮ್ಮೋಹನದ ಧಾತು ಮುಹ್, ಅಂದ್ರೆ ಮರುಳಾಗುದು. ಗೀತೆಯ ಎರಡನೇ ಅಧ್ಯಾಯದಲ್ಲಿ 'ಸಮ್ಮೋಹಾತ್ ಸ್ಮೃತಿವಿಭ್ರಮಃ' ಅಂತ ಉಂಟು, ಅಲ್ಲಿ ಮಾತು ಸಿಟ್ಟಿನದ್ದು, ಆದ್ರೂ ಸಮ್ಮೋಹದಿಂದ ನೆನಪು ದಾರಿ ತಪ್ತದೆ ಅನ್ನುವ ಸಂಬಂಧ ಎಷ್ಟು ಹಳೆಯದು ನೋಡಿ.

ನಿಮ್ಮ ಸಾಲಿನಲ್ಲಿ 'ವಾಪಸ್' ಅನ್ನುದು ವಶೀಕರಣಕ್ಕಿಂತ ದೊಡ್ಡ ತಪ್ಪು. ಸಮ್ಮೋಹನದಲ್ಲಿ ಕೇಳಿದ್ರೆ ಜನ ಜಾಸ್ತಿ ಹೇಳ್ತಾರೆ ನಿಜ, ಆದ್ರೆ ಅದರಲ್ಲಿ ಕೇಳಿದವರು ಬಾಯಿಗೆ ಹಾಕಿ ಕೊಟ್ಟದ್ದೂ, ತಾನೇ ಊಹಿಸಿದ್ದೂ ಬೆರೆತಿರ್ತದೆ, ಮತ್ತೆ ಅಷ್ಟೂ ನಡೆದದ್ದೇ ಅಂತ ಅವರಿಗೆ ಗಟ್ಟಿ ಆಗಿಬಿಡ್ತದೆ. ಅಮೆರಿಕನ್ ಮೆಡಿಕಲ್ ಅಸೋಸಿಯೇಶನ್‌ನ 1985ರ ವರದಿ ಇಂಥ ನೆನಪನ್ನು ನಂಬ್ಲಿಕ್ಕೆ ಆಗುದಿಲ್ಲ ಅಂದದ್ದು ಇದಕ್ಕೇ. 1982ರಲ್ಲೇ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಸಮ್ಮೋಹನ ಮಾಡಿಸಿ ಹೊರಡಿಸಿದ ಸಾಕ್ಷಿ ನಡೆಯುದಿಲ್ಲ ಅಂದಿತ್ತು.

ಹಾಗೆ ಹುಟ್ಟಿದ ನೆನಪಿಗೆ ಕರಪತ್ರದಲ್ಲಿ 'ಹುಸಿನೆನಪು' ಅಂತ ಬರೀರಿ. 'ಸುಳ್ಳು ನೆನಪು' ಬೇಡ, ಸುಳ್ಳು ಅಂದ್ರೆ ಬೇಕಂತ ಹೇಳಿದ್ದು ಅಂತ ಆಗ್ತದೆ, ಪಾಪ ಇವರು ಯಾರನ್ನೂ ಮೋಸ ಮಾಡುದಲ್ಲ.

ಸಂಸ್ಕೃತ ಎರವಲು ಯಾಕೆ ಅಂತ ಮಾಷ್ಟ್ರು ಪುನಃ ಸುರು ಮಾಡುದು ಬೇಡ. ಚಾವಿ, ಜನೇಲು ಪೋರ್ಚುಗೀಸರದ್ದು, ಮಂಗಳೂರಿನ ಯಾವ ಮನೆಯಿಂದ ಅದನ್ನು ತೆಗೀತೀರಿ? ಹುಸಿ ಅಂತೂ ಅಚ್ಚಗನ್ನಡವೇ, ಬೇಕಾದಲ್ಲಿ ಅದನ್ನೂ ಇಟ್ಟಿದ್ದೇನೆ.

ಫ್ಲೆಕ್ಸಿಗೆ 'ಸಮ್ಮೋಹನ ಮತ್ತು ನೆನಪು', ಕೆಳಗೆ ಸಣ್ಣಕ್ಷರದಲ್ಲಿ ಹಿಪ್ನಾಸಿಸ್ ಅಂತ ಕನ್ನಡದಲ್ಲೇ. ಪ್ರಿಂಟಿಗೆ ಕೊಡುವ ಮೊದಲು ಮ-ಗೆ ಮ ಒತ್ತು ಬಿದ್ದಿದೆಯಾ ನೋಡಿ.